ಹುಳಕ್ಕೆ ಹೆಸರು ಹೇಳುವ ಮೊದಲು

ಆನೆಗೊಂದಿಯ ಬಂಡೆಬೆಟ್ಟಗಳಲ್ಲಿ ಮುಂದಕ್ಕೆ ಚಾಚಿಕೊಂಡ ಕಲ್ಲಿನ ಅಡಿಗೆ ಮೊರದಗಲದ ಒಂದೇ ಎರಿ ತೂಗುತ್ತಿದ್ದರೆ, ಅದು ಹೆಜ್ಜೇನು ಎಂದು ಅಲ್ಲಿ ಕುರಿ ಕಾಯುವ ಹುಡುಗನೂ ಹೇಳುತ್ತಾನೆ. ಬೇಲಿಯ ಕಡ್ಡಿಯನ್ನು ತಬ್ಬಿಕೊಂಡ ಅಂಗೈಯಗಲದ ಒಂಟಿ ಎರಿ ಕೋಲುಜೇನಿನದು. ಮರದ ಪೊಟರೆಯೊಳಗೆ ಒಂದರ ಪಕ್ಕ ಒಂದರಂತೆ ಹಲವು ಎರಿಗಳಿದ್ದರೆ ಅದು ತುಡುವೆ. ಹಳೆಯ ಗೋಡೆಯ ಬಿರುಕಿನಿಂದ ಮೇಣದ ಸಣ್ಣ ಕೊಳವೆ ಹೊರಬಂದಿದ್ದರೆ ಕುಟುಕದ ನಸರಿ. ಆ ಹುಡುಗ ರೆಕ್ಕೆಯ ನರಗಳನ್ನು ಪರೀಕ್ಷಿಸಿಲ್ಲ, ಲ್ಯಾಟಿನ್ ಹೆಸರುಗಳನ್ನು ಕೇಳಿಯೂ ಇಲ್ಲ. ಆದರೂ ಅವನ ವಿಂಗಡಣೆ ಸರಿಯಾಗಿದೆ, ಏಕೆಂದರೆ ಅವನು ಹೇಳುವ ಪ್ರತಿ ಹೆಸರಿನ ಹಿಂದೆಯೂ ತೋರಿಸಬಲ್ಲ ಒಂದು ಗುರುತು ಇದೆ. ಅಕಶೇರುಕಗಳನ್ನು, ಅಂದರೆ ಬೆನ್ನೆಲುಬಿಲ್ಲದ ಜೀವಿಗಳನ್ನು, ಗುರುತಿಸಲು ಕಲಿಯುವುದೆಂದರೆ ಈ ಅಭ್ಯಾಸವನ್ನೇ ಜೇನಿನಿಂದಾಚೆಗೆ ವಿಸ್ತರಿಸಿಕೊಳ್ಳುವುದು. ಜೇನಿನಲ್ಲಿ ಇಷ್ಟು ಸೂಕ್ಷ್ಮ ಬಲ್ಲ ನಾವೇ ಉಳಿದವುಗಳ ಮಾತು ಬಂದಾಗ ಎಲ್ಲವನ್ನೂ ‘ಹುಳ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಗಂಗಾವತಿಯ ಸುತ್ತಮುತ್ತ ಭಾನುವಾರ ಬೆಳಿಗ್ಗೆ ಕಾಲುವೆ ಏರಿಯ ಮೇಲೋ ಗುಡ್ಡದ ಬುಡದಲ್ಲೋ ನಡೆಯುವ ನಮ್ಮದೊಂದು ಸಣ್ಣ ಗುಂಪು ಇದೆ. ಶಾಲಾ ಶಿಕ್ಷಕರು, ಭತ್ತ ಬೆಳೆಯುವವರು, ಕಾಲೇಜಿನ ವಿದ್ಯಾರ್ಥಿನಿಯರು, ಔಷಧಿ ಅಂಗಡಿಯ ಒಬ್ಬರು. ಪ್ರಾಣಿಶಾಸ್ತ್ರ ಓದಿದವರು ಯಾರೂ ಇಲ್ಲ. ಗುಂಪಿಗೆ ಇರುವ ನಿಯಮ ಒಂದೇ. ಯಾರಾದರೂ ಒಂದು ಹೆಸರು ಹೇಳಿದರೆ ಪಕ್ಕದವರು ‘ಹೆಂಗ ಗೊತ್ತಾತ್ರಿ?’ ಎಂದು ಕೇಳಲೇಬೇಕು. ಮೊದಲ ಕೆಲವು ವಾರ ಈ ಪ್ರಶ್ನೆ ಕಿರಿಕಿರಿ ಎನಿಸುತ್ತದೆ, ಹಿರಿಯರಿಗೆ ಅವಮಾನವೆಂದೂ ಅನಿಸಬಹುದು. ಆದರೆ ಹೊಸಬರು ಗುಂಪೊಂದನ್ನು ಕಟ್ಟುವುದಾದರೆ ದುಬಾರಿ ಕ್ಯಾಮೆರಾಕ್ಕಿಂತ ಮೊದಲು ಈ ಪ್ರಶ್ನೆಯನ್ನು ರೂಢಿಸಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಲು ಎಣಿಸುವುದರಿಂದ ಆರಂಭ

ಆರು ಕಾಲು, ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗ, ತಲೆಯ ಮೇಲೆ ಒಂದು ಜೊತೆ ಮೀಸೆ ಇದ್ದರೆ ಅದು ಕೀಟ. ಎಂಟು ಕಾಲು, ಎರಡು ಭಾಗದ ದೇಹ, ಮೀಸೆಯೇ ಇಲ್ಲದಿದ್ದರೆ ಜೇಡ. ದೇಹದ ಪ್ರತಿ ಖಂಡಕ್ಕೂ ಒಂದೊಂದು ಜೊತೆ ಕಾಲಿದ್ದು ವೇಗವಾಗಿ ಓಡುವುದು ಜರಿ, ಬಹುತೇಕ ಖಂಡಗಳಿಗೆ ಎರಡೆರಡು ಜೊತೆ ಕಾಲಿದ್ದು ನಿಧಾನವಾಗಿ ಹರಿದು ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವುದು ಸಹಸ್ರಪದಿ. ಬಸವನಹುಳುವಿನ ಚಿಪ್ಪಾದರೆ ತುದಿಯನ್ನು ಮೇಲಕ್ಕೂ ಬಾಯಿಯನ್ನು ನಮ್ಮ ಕಡೆಗೂ ಹಿಡಿದು, ಬಾಯಿ ಬಲಕ್ಕಿದೆಯೋ ಎಡಕ್ಕಿದೆಯೋ ಎಂದು ಮೊದಲು ಬರೆದುಕೊಳ್ಳಬೇಕು.

ಈ ಲೆಕ್ಕ ಸುಲಭ ಎನಿಸಿದರೂ ನಮ್ಮ ಸೀಮೆಯಲ್ಲೇ ಅದನ್ನು ತಲೆಕೆಳಗು ಮಾಡುವ ಜೀವಿಗಳಿವೆ, ಮತ್ತು ಕಲಿಕೆ ನಿಜವಾಗಿ ಶುರುವಾಗುವುದು ಅವುಗಳಿಂದಲೇ. ಎಕ್ಕದ ಗಿಡದ ಸುತ್ತ ಹಾರಾಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಹೂವಿನ ಮೇಲೆ ಕೂತಾಗ ಎಣಿಸಿದರೆ ನಾಲ್ಕೇ ಕಾಲು ಸಿಗುತ್ತವೆ; ಅದು ಸೇರಿದ ಕುಟುಂಬದ ಚಿಟ್ಟೆಗಳಲ್ಲಿ ಮುಂದಿನ ಜೊತೆ ಕಾಲು ಕುಗ್ಗಿ ಎದೆಗೆ ಅಂಟಿಕೊಂಡಿರುತ್ತದೆ. ಕಂಬಳಿಹುಳುವಿನ ಕಾಲುಗಳಲ್ಲಿ ಎದೆಯ ಮೂರು ಜೊತೆ ಮಾತ್ರ ನಿಜವಾದವು, ಹಿಂದಿನವು ಮಾಂಸಲವಾದ ಊರುಗಾಲುಗಳು. ಅಂಥವು ಆರು ಜೊತೆಯೋ ಅದಕ್ಕಿಂತ ಹೆಚ್ಚೋ ಇದ್ದರೆ ನೀವು ನೋಡುತ್ತಿರುವುದು ಚಿಟ್ಟೆ ಅಥವಾ ಪತಂಗದ ಮರಿಯೇ ಅಲ್ಲ, ಗರಗಸ ನೊಣ ಎಂಬ ಬೇರೊಂದು ಕೀಟದ ಮರಿ. ರಾತ್ರಿ ದೀಪದ ಕೆಳಗೆ ಸರ್ರನೆ ಓಡುವ, ಹತ್ತು ಕಾಲಿರುವಂತೆ ಕಾಣುವ ಒಂಟೆಜೇಡವನ್ನು ಕಂಡು ಒಣಸೀಮೆಯ ಜನ ಹೆದರುವುದುಂಟು. ಅದರ ಮುಂದಿನ ಜೊತೆ ಕಾಲುಗಳಲ್ಲ, ಕಾಲಿನಷ್ಟೇ ಉದ್ದ ಬೆಳೆದ ಬಾಯಿಯ ಉಪಾಂಗಗಳು. ಅದು ಜೇಡವೂ ಅಲ್ಲ, ನೂಲು ತೆಗೆದು ಬಲೆಯನ್ನೂ ಹೆಣೆಯುವುದಿಲ್ಲ.

ಮೊದಲ ಮುಂಗಾರು ಮಳೆ ಬಿದ್ದ ಮರುದಿನ ಕೆಂಪು ಮಸಾರಿ ಹೊಲಗಳಲ್ಲಿ ಕಾಣಿಸುವ ಮಖಮಲ್ಲಿನಂಥ ಕೆಂಪು ಹುಳವನ್ನು ನಮ್ಮಲ್ಲಿ ನೋಡದವರಿಲ್ಲ. ಬಳ್ಳಾರಿ, ರಾಯಚೂರು ಕಡೆಯ ತೆಲುಗು ಮಾತನಾಡುವವರು ಮಳೆನಕ್ಷತ್ರದ ಹೆಸರಿನಲ್ಲಿ ಅದನ್ನು ಆರುದ್ರ ಹುಳು ಎನ್ನುತ್ತಾರೆ. ಅಂಗೈಯಲ್ಲಿಟ್ಟುಕೊಂಡು ಆಡಿದವರೂ ಅದರ ಕಾಲು ಎಣಿಸಿರುವುದಿಲ್ಲ. ಎಣಿಸಿದರೆ ಎಂಟು, ಅದು ಕೀಟವಲ್ಲ, ಜೇಡ ಮತ್ತು ಉಣ್ಣೆಗಳ ಬಳಗದ ನುಸಿ. ಅದೇ ಜೀವಿ ಮರಿಯಾಗಿದ್ದಾಗ ಬೇರೆ ಸಂಧಿಪದಿಗಳ, ಅಂದರೆ ಕೀಲುಗಾಲಿನ ಜೀವಿಗಳ, ಮೈಗೆ ಅಂಟಿ ರಸ ಹೀರುತ್ತದೆ, ಮತ್ತು ಆಗ ಅದಕ್ಕೆ ಆರೇ ಕಾಲು. ಮಕ್ಕಳನ್ನು ಈ ಹವ್ಯಾಸಕ್ಕೆ ಎಳೆಯಬೇಕೆಂದರೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವನ್ನು ನಾನು ಕಂಡಿಲ್ಲ.

ಫೋಟೊ ತೆಗೆಯುವುದು ಹೇಗೆ

ಫೋಟೊ ಚಂದ ಬಂದರೆ ಗುರುತು ಸಿಗುತ್ತದೆ ಎಂಬುದು ಭ್ರಮೆ. ಮಸುಕಾದರೂ ಸರಿ, ಮೇಲಿನಿಂದ, ಪಕ್ಕದಿಂದ, ಮುಖದ ಎದುರಿನಿಂದ ಮತ್ತು ಸಾಧ್ಯವಾದರೆ ಹೊಟ್ಟೆಯ ಕಡೆಯಿಂದ ತೆಗೆದ ನಾಲ್ಕು ಚಿತ್ರಗಳು ಗೋಡೆಗೆ ತೂಗುಹಾಕುವಂಥ ಒಂದು ಚಿತ್ರಕ್ಕಿಂತ ಹೆಚ್ಚು ಹೇಳುತ್ತವೆ. ಜೇಡವಾದರೆ ಮುಖದ ಚಿತ್ರ ತಪ್ಪಿಸಬಾರದು, ಏಕೆಂದರೆ ಕಣ್ಣುಗಳ ಜೋಡಣೆಯೇ ಕುಟುಂಬವನ್ನು ಹೇಳಿಬಿಡುತ್ತದೆ. ಮುಂದಿನ ಸಾಲಿನಲ್ಲಿ ನಾಲ್ಕು ಕಣ್ಣು, ಅವುಗಳಲ್ಲಿ ನಡುವಿನ ಎರಡು ಕಾರಿನ ದೀಪಗಳಂತೆ ದೊಡ್ಡವಾಗಿದ್ದರೆ ಅದು ಜಿಗಿಯುವ ಜೇಡ, ನಮ್ಮ ಮನೆಗಳ ಗೋಡೆಯ ಮೇಲೆ ನೊಣಕ್ಕೆ ಹೊಂಚು ಹಾಕುವುದು ಇದೇ. ಕೆಳಗೆ ಸಣ್ಣ ನಾಲ್ಕು ಕಣ್ಣುಗಳ ಸಾಲು, ಅದರ ಮೇಲೆ ದೊಡ್ಡ ಎರಡು, ಇನ್ನೂ ಹಿಂದೆ ಎರಡು ಇದ್ದರೆ ತೋಳಜೇಡ. ರಾತ್ರಿ ಹಣೆಗೆ ಟಾರ್ಚು ಕಟ್ಟಿಕೊಂಡು ಗದ್ದೆಯ ಬದುವಿನ ಮೇಲೆ ನಡೆದರೆ ಹುಲ್ಲಿನಲ್ಲಿ ಚುಕ್ಕಿಗಳಂತೆ ಹೊಳೆಯುವುದು ಇವುಗಳ ಕಣ್ಣು. ಕಣ್ಣುಗಳು ಷಟ್ಕೋನದಂತೆ ಸೇರಿದ್ದು ಕಾಲ ತುಂಬ ಉದ್ದನೆಯ ಮುಳ್ಳುಗಳಿದ್ದರೆ ಲಿಂಕ್ಸ್ ಜೇಡ.

ಅಳತೆಗಾಗಿ ಚಿತ್ರದ ಮೂಲೆಯಲ್ಲಿ ಶಾಲೆಯ ಸ್ಕೇಲನ್ನೋ ಗ್ರಾಫ್ ಹಾಳೆಯ ತುಂಡನ್ನೋ ಇಡಿ. ಸಲಕರಣೆಯ ವಿಷಯದಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್, ಮುಚ್ಚಳವಿರುವ ಒಂದು ಗಾಜಿನ ಡಬ್ಬಿ ಸಾಕು. ಇನ್ನೊಂದು ಸಾಧನ ಮನೆಯಲ್ಲೇ ಇರುತ್ತದೆ. ಹಳೆಯ ಛತ್ರಿಯನ್ನು ಬಿಚ್ಚಿ ತಲೆಕೆಳಗಾಗಿ ಜಾಲಿ ಅಥವಾ ಬೇವಿನ ಕೊಂಬೆಯ ಅಡಿ ಹಿಡಿದು, ಕೊಂಬೆಯನ್ನು ಕೋಲಿನಿಂದ ಎರಡು ಬಾರಿ ಬಲವಾಗಿ ತಟ್ಟಿದರೆ, ಎಲೆಗಳ ನಡುವೆ ಗಂಟೆಗಟ್ಟಲೆ ಹುಡುಕಿದರೂ ಕಾಣದಿದ್ದವು ಛತ್ರಿಯೊಳಗೆ ಬಂದು ಬೀಳುತ್ತವೆ. ನೋಡಿದ ಮೇಲೆ ಅದೇ ಗಿಡಕ್ಕೆ ಬಿಡಬೇಕು.

ಎಲ್ಲಿ, ಯಾವಾಗ

ಕೊಪ್ಪಳ, ರಾಯಚೂರು, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಮಳೆ ಕಡಿಮೆ. ಆದರೆ ಒಂದೇ ತಾಲ್ಲೂಕಿನೊಳಗೆ ಬಂಡೆಗುಡ್ಡ, ಎರೆಹೊಲ, ಮಸಾರಿ, ನೀರು ನಿಂತ ಗದ್ದೆ ಎಲ್ಲವೂ ಸಿಗುವುದರಿಂದ ಸಂಡೂರಿನ ಕಾಡು ಹತ್ತಿರವಿಲ್ಲ ಎಂದು ಕೊರಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಹರಿಯುವ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಭತ್ತದ ಬಯಲಿನಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು ಕಲಿಯಬಹುದು. ಕೂತಾಗ ರೆಕ್ಕೆಗಳನ್ನು ಅಗಲಕ್ಕೆ ಚಾಚಿಕೊಂಡು, ಕಣ್ಣುಗಳು ನಡುನೆತ್ತಿಯಲ್ಲಿ ಒಂದಕ್ಕೊಂದು ತಾಗಿದ್ದರೆ ಅದು ಕೊಡತಿಹುಳ, ಅಂದರೆ ಡ್ರ್ಯಾಗನ್‌ಫ್ಲೈ. ದಾರದಂಥ ಮೈ, ಮಡಚಿದ ರೆಕ್ಕೆ, ತಲೆಯ ಎರಡು ತುದಿಗೆ ದೂರದೂರವಿರುವ ಕಣ್ಣುಗಳಿದ್ದರೆ ಡ್ಯಾಮ್ಸೆಲ್‌ಫ್ಲೈ. ಮಳೆಗಾಲದ ಸಂಜೆ ಗದ್ದೆಯ ಮೇಲೆ ಗುಂಪುಗುಂಪಾಗಿ ಕೂರದೆಯೇ ಸುತ್ತುವ ಹಳದಿಗೆಂಪು ಬಣ್ಣದ ವಾಂಡರಿಂಗ್ ಗ್ಲೈಡರ್ ಸಮುದ್ರವನ್ನೇ ದಾಟುವ ವಲಸಿಗ.

ಎರೆಭೂಮಿಯ ಹತ್ತಿ ಮತ್ತು ತೊಗರಿಯ ಹೊಲ ತಿಗಣೆ ಮತ್ತು ದುಂಬಿಗಳ ವ್ಯತ್ಯಾಸಕ್ಕೆ ಒಳ್ಳೆಯ ಪಾಠಶಾಲೆ. ದುಂಬಿಯ ಬೆನ್ನಿನ ಮೇಲೆ ಗಟ್ಟಿ ಕವಚಗಳೆರಡು ನಡುವೆ ನೇರ ಗೆರೆಯಲ್ಲಿ ಕೂಡುತ್ತವೆ, ಬಾಯಿ ಕಚ್ಚಿ ಅಗಿಯುವಂಥದ್ದು. ತಿಗಣೆಯ ರೆಕ್ಕೆಗಳು ಒಂದರ ಮೇಲೊಂದು ಹಾಯ್ದು ಬೆನ್ನಿನ ಮೇಲೆ ಅಡ್ಡಗೆರೆಗಳ ಗುಣಾಕಾರ ಚಿಹ್ನೆಯಂತೆ ಕಾಣುತ್ತವೆ, ಬಾಯಿ ಸೂಜಿಯಂತೆ ಎದೆಯಡಿ ಮಡಚಿರುತ್ತದೆ. ಒಡೆದ ಹತ್ತಿಕಾಯಿಯ ಮೇಲೆ ಗುಂಪುಗೂಡುವ ಕೆಂಪು ತಿಗಣೆಯನ್ನು ಒಮ್ಮೆ ಮಸೂರದಡಿ ನೋಡಿದರೆ ಈ ವ್ಯತ್ಯಾಸ ಮತ್ತೆ ಮರೆಯುವುದಿಲ್ಲ. ಇಲ್ಲಿ ರೈತರಿಂದ ಕಲಿಯುವುದು ಬಹಳವಿದೆ: ಕಂದು ಜಿಗಿಹುಳು ಭತ್ತದ ಬುಡದಲ್ಲಿ, ನೀರಿನ ಮಟ್ಟಕ್ಕೆ ತುಸು ಮೇಲೆ ಇರುತ್ತದೆ ಎಂದು ಅವರಿಗೆ ಗೊತ್ತು, ನಾವು ಎಲೆಯ ತುದಿಯಲ್ಲಿ ಹುಡುಕುತ್ತಿರುತ್ತೇವೆ.

ಒಣ ಬೇಲಿಗಳಲ್ಲಿ, ಜಾಲಿಯ ಮುಳ್ಳುಗಳ ನಡುವೆ ಕೊಳೆಯಾದ ಹತ್ತಿಯ ಉಂಡೆ ಸಿಕ್ಕಿಕೊಂಡಂತೆ ಕಾಣುವ ಬಲೆಯನ್ನು ಕಸವೆಂದು ದಾಟಿಹೋಗಬೇಡಿ. ಅದು ನೂರಾರು ಜೇಡಗಳು ಕೂಡಿ ಬಾಳುವ ಸಮೂಹಜೇಡದ ಮನೆ. ಬಲೆಯ ಹಾಳೆಗೆ ಮಿಡತೆಯೊಂದು ಬಿದ್ದರೆ ಹಲವಾರು ಒಟ್ಟಿಗೆ ಹೊರಬಂದು ಅದನ್ನು ಎಳೆದುಕೊಳ್ಳುವುದನ್ನು ಅರ್ಧ ಗಂಟೆ ಕಾಯುವ ತಾಳ್ಮೆಯಿದ್ದರೆ ನೋಡಬಹುದು. ಹಾಳುಮಂಟಪಗಳ ನೆರಳಿನ ಪುಡಿಮಣ್ಣಿನಲ್ಲಿ ಆಲಿಕೆಯಾಕಾರದ ಗುಣಿ ತೋಡಿ ತಳದಲ್ಲಿ ಇರುವೆಗೆ ಕಾಯುವ ಹುಳ ಬೆಳೆದಾಗ ಕೊಡತಿಹುಳದಂತೆಯೇ ಕಾಣುವ ರೆಕ್ಕೆಯ ಕೀಟವಾಗುತ್ತದೆ. ಆದರೆ ಅದರ ಮೀಸೆ ಉದ್ದವಾಗಿ ತುದಿಯಲ್ಲಿ ದಪ್ಪಗಿರುತ್ತದೆ, ಕೊಡತಿಹುಳದ ಮೀಸೆ ಕಂಡೂ ಕಾಣದ ಎರಡು ಕೂದಲು.

ವೇಷಧಾರಿಗಳು

ಕೆಲವು ತಿಂಗಳು ಕಳೆದ ಮೇಲೆ ಪ್ರತಿಯೊಬ್ಬ ಹವ್ಯಾಸಿಗೂ ‘ನನಗೆ ಬರುತ್ತದೆ’ ಎಂಬ ಭಾವನೆ ಬರುತ್ತದೆ, ಮತ್ತು ತಪ್ಪುಗಳು ಹೆಚ್ಚುವುದು ಆಗಲೇ. ನಾನು ಒಂದು ಇಡೀ ಮಳೆಗಾಲ ಪ್ಲೇನ್ ಟೈಗರ್ ಎಂದು ಬರೆದುಕೊಂಡ ಚಿಟ್ಟೆಗಳಲ್ಲಿ ಮೂರು ಡೆನೈಡ್ ಎಗ್‌ಫ್ಲೈನ ಹೆಣ್ಣುಗಳಾಗಿದ್ದವು. ಎಕ್ಕ ತಿಂದು ಬೆಳೆದ ಪ್ಲೇನ್ ಟೈಗರ್ ಹಕ್ಕಿಗಳಿಗೆ ರುಚಿಸುವುದಿಲ್ಲ, ಅದರ ವೇಷ ತೊಟ್ಟ ಇನ್ನೊಂದು ಅದರ ಮರೆಯಲ್ಲಿ ಬದುಕುತ್ತದೆ. ಹಿಂದಿನ ರೆಕ್ಕೆಯ ನಡುಭಾಗದಲ್ಲಿ ಮೂರು ನಾಲ್ಕು ಕಪ್ಪು ಚುಕ್ಕಿಗಳಿದ್ದರೆ ಅಸಲು, ನಡುಭಾಗ ಖಾಲಿಯಿದ್ದರೆ ನಕಲು. ಹಾಗೆಯೇ ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಚಿಟ್ಟೆಗಳಂತೆ ಬಣ್ಣ ಹೊತ್ತಿರುತ್ತವೆ. ರೆಕ್ಕೆ ನೋಡಿದರೆ ಮೋಸ ಹೋಗುತ್ತೀರಿ, ಮೈ ನೋಡಬೇಕು. ರೋಸ್‌ಗಳ ಮೈ ಕೆಂಪು, ಮಾರ್ಮನ್‌ನದು ಕಪ್ಪು.

ಹೂವಿನ ಮೇಲೆ ಜೇನಿನಂಥದ್ದು ಗಾಳಿಯಲ್ಲಿ ಅಲುಗಾಡದೆ ನಿಂತಿದ್ದರೆ ರೆಕ್ಕೆ ಎಣಿಸಿ. ಜೇನಿಗೆ ಎರಡು ಜೊತೆ, ನೊಣಗಳಿಗೆ ಒಂದೇ ಜೊತೆ. ಮುಖವನ್ನೆಲ್ಲ ತುಂಬಿದ ಕಣ್ಣು ಮತ್ತು ಗಿಡ್ಡ ಮೀಸೆ ಅದು ಹೂನೊಣವೆಂದು ಹೇಳುತ್ತವೆ. ಮಾವಿನ ತೋಪಿನಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗಗಳ ನಡುವೆ ಒಂದು ಮಾತ್ರ ಅಂಜುತ್ತ ಬೇರೆ ನಡೆಯುತ್ತಿದ್ದು, ಬೆರಳು ಹತ್ತಿರ ತಂದಾಗ ನೂಲು ಬಿಟ್ಟು ಜೋತುಬಿದ್ದರೆ, ಅದು ಇರುವೆಯಲ್ಲ, ಮುಂದಿನ ಕಾಲನ್ನು ಮೀಸೆಯಂತೆ ಎತ್ತಿ ಆಡಿಸುವ ಜೇಡ.

ಎಲ್ಲಿ ನಿಲ್ಲಬೇಕು

ದೊಡ್ಡ ಗುಂಪಿನಿಂದ ಚಿಕ್ಕದಕ್ಕೆ ಇಳಿಯುವ ಗಣ, ಕುಟುಂಬ, ಕುಲ, ಪ್ರಭೇದ ಎಂಬ ಮೆಟ್ಟಿಲುಗಳಲ್ಲಿ ಆಧಾರವಿರುವ ಮೆಟ್ಟಿಲಿನಲ್ಲಿ ನಿಲ್ಲುವುದೇ ಈ ವಿದ್ಯೆಯ ಅತಿ ಕಷ್ಟದ ಭಾಗ. ಹಕ್ಕಿ ನೋಡುವವರು ನಮ್ಮ ಗುಂಪಿಗೆ ಬಂದಾಗ ಮೊದಲು ಎಡವುವುದು ಇಲ್ಲೇ, ಏಕೆಂದರೆ ಅವರಿಗೆ ಪ್ರಭೇದದ ಹೆಸರಿಲ್ಲದೆ ಊಟ ಮುಗಿದಂತಾಗುವುದಿಲ್ಲ. ಜಗತ್ತಿನ ಹಕ್ಕಿಗಳು ಸುಮಾರು 11,000 ಪ್ರಭೇದ. ಜೇಡಗಳೊಂದೇ 2022ರಲ್ಲಿ 50,000 ದಾಟಿದವು. ಹೆಸರಿಟ್ಟ ದುಂಬಿಗಳು ಸುಮಾರು ನಾಲ್ಕು ಲಕ್ಷ. ತೋಳಜೇಡಗಳಲ್ಲಿ ಅನೇಕವನ್ನು ಬೆಳೆದ ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನೋ, ಗಂಡಿನ ಮುಖದ ಬಳಿಯ ಗುಬುಟಾದ ಉಪಾಂಗವನ್ನೋ ಸೂಕ್ಷ್ಮದರ್ಶಕದಡಿ ನೋಡದೆ ಬೇರ್ಪಡಿಸಲಾಗುವುದಿಲ್ಲ, ಮತ್ತು ಮರಿಗಳಾದರೆ ತಜ್ಞರಿಗೂ ಆಗದು. ಹಾಗಾಗಿ ‘ತೋಳಜೇಡದ ಕುಟುಂಬ, ಇಷ್ಟೇ’ ಎಂದು ಬರೆಯುವುದು ಸೋಲಲ್ಲ, ಪೂರ್ಣ ಉತ್ತರ.

ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಮುಂತಾದ, ಕಂಡ ಜೀವಿಗಳನ್ನು ಜನರೇ ದಾಖಲಿಸಿ ಗುರುತಿಸುವ ಜಾಲತಾಣಗಳಿಗೆ ಚಿತ್ರ ಹಾಕುವಾಗಲೂ ಇದೇ ಶಿಸ್ತು ಬೇಕು. ಐನ್ಯಾಚುರಲಿಸ್ಟ್ ಯಂತ್ರವೇ ಸೂಚಿಸುವ ಹೆಸರನ್ನು ಸುಳಿವು ಎಂದು ತಿಳಿಯಿರಿ, ತೀರ್ಪು ಎಂದಲ್ಲ. ಹೆಚ್ಚು ಚಿತ್ರಗಳಿರುವ ಜೀವಿಗಳ ಕಡೆಗೇ ಅದು ವಾಲುತ್ತದೆ. ಅಲ್ಲಿ ದಿನಾಂಕ, ಸ್ಥಳ, ಚಿತ್ರವಿದ್ದು ಗುರುತಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಪ್ರಭೇದವನ್ನು ಒಪ್ಪಿದರೆ ದಾಖಲೆ ಸಂಶೋಧನಾ ದರ್ಜೆಗೆ ಏರುತ್ತದೆ, ಇಬ್ಬರ ಒಪ್ಪಿಗೆಯೂ ಸಾಕಾಗುತ್ತದೆ. ಯಾರೋ ಹಿರಿಯರು ಹೆಸರು ಹೇಳಿದರು ಎಂದು ಧನ್ಯವಾದದ ರೂಪದಲ್ಲಿ ಒಪ್ಪಿಗೆಯ ಗುಂಡಿ ಒತ್ತಿದರೆ, ಅದು ಎರಡನೇ ಸಾಕ್ಷಿಯಲ್ಲ, ಮೊದಲನೆಯದರ ಪ್ರತಿಧ್ವನಿ. ನಿಮಗೆ ಸ್ವತಃ ಗುರುತು ಕಂಡರೆ ಮಾತ್ರ ಒಪ್ಪಿ. ಕಾಣದಿದ್ದರೆ ‘ಯಾವ ಲಕ್ಷಣದಿಂದ ಹೇಳಿದಿರಿ’ ಎಂದು ವಿನಯದಿಂದ ಕೇಳಿ. ಬಲ್ಲವರು ಈ ಪ್ರಶ್ನೆಗೆ ಸಿಟ್ಟಾಗುವುದು ಅಪರೂಪ. ಬೇರೆಯವರನ್ನು ತಿದ್ದುವಾಗ ಹೆಸರಿನ ಜೊತೆಗೆ ಕಾರಣದ ಒಂದು ಸಾಲು ಬರೆಯಬೇಕು, ಬರೆಯಲಾಗದಿದ್ದರೆ ತಿದ್ದಬಾರದು.

ಬಂಡೆ ಎತ್ತುವ ಮುನ್ನ

ಕಲ್ಲು ಎತ್ತುವಾಗ ದೂರದ ಅಂಚನ್ನು ಹಿಡಿದು ನಿಮ್ಮ ಕಡೆಗೆ ಮಗುಚಿ, ಆಗ ಕಲ್ಲೇ ನಿಮಗೂ ಅಡಿಯಲ್ಲಿರುವುದಕ್ಕೂ ನಡುವೆ ಗುರಾಣಿಯಾಗುತ್ತದೆ. ನೋಡಿದ ಮೇಲೆ ಇದ್ದ ಜಾಗದಲ್ಲೇ ಮೊದಲಿನಂತೆ ಇಡಿ. ಚೇಳುಗಳಲ್ಲಿ ದಪ್ಪ ಇಕ್ಕಳದ ದೊಡ್ಡ ಕರಿಚೇಳಿಗಿಂತ, ಸಣಕಲು ಇಕ್ಕಳ ಮತ್ತು ದಪ್ಪ ಬಾಲದ ಕೆಂಪುಚೇಳೇ ಅಪಾಯಕಾರಿ, ಮಕ್ಕಳಿಗಂತೂ ಪ್ರಾಣಾಂತಿಕ. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಔಷಧಿಯ ಬಳಕೆಯನ್ನು ತೋರಿಸಿಕೊಟ್ಟ ಮೇಲೆ ಇದರ ಕುಟುಕಿನಿಂದ ಸಾಯುವವರ ಪ್ರಮಾಣ ಬಹಳ ಇಳಿಯಿತು. ಹಾಗಾಗಿ ಮಂತ್ರ, ಗಿಡಮೂಲಿಕೆ ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ನೇರಳಾತೀತ ಟಾರ್ಚಿನ ಬೆಳಕಿನಲ್ಲಿ ಚೇಳುಗಳು ನೀಲಿಹಸಿರಾಗಿ ಹೊಳೆಯುವುದರಿಂದ ರಾತ್ರಿ ಅವುಗಳನ್ನು ಮುಟ್ಟದೆ ದೂರದಿಂದಲೇ ನೋಡಬಹುದು, ಆದರೆ ಆಗತಾನೇ ಪೊರೆ ಕಳಚಿದ ಚೇಳು ಹೊಳೆಯುವುದಿಲ್ಲ ಎಂಬುದು ನೆನಪಿರಲಿ.

ಜುಲೈ ಕೊನೆಯ ವಾರ, 2012ರಿಂದ ನಡೆದುಬಂದಿರುವ ಪತಂಗ ಸಪ್ತಾಹದಲ್ಲಿ ನಾವೂ ಬಿಳಿ ಪಂಚೆಯನ್ನು ಪರದೆಯಂತೆ ಕಟ್ಟಿ, ಪತಂಗಗಳು ಬರಲೆಂದು ದೀಪ ಇಡುತ್ತೇವೆ. ಆ ದಿನಗಳಲ್ಲಿ ಇಲ್ಲಿನ ಗಾಳಿ ಪಂಚೆಯನ್ನು ಹಾಯಿಯಂತೆ ಉಬ್ಬಿಸುತ್ತದೆ, ಆದ್ದರಿಂದ ಗೋಡೆ ಅಥವಾ ಬಂಡೆಯ ಮರೆ, ಬೆಳದಿಂಗಳಿಲ್ಲದ ರಾತ್ರಿ ಆರಿಸಿಕೊಳ್ಳಿ. ಗದ್ದೆಯ ಹತ್ತಿರವಾದರೆ ಒಂದು ಸೆಂಟಿಮೀಟರೂ ಇಲ್ಲದ, ಕಪ್ಪು ತಲೆ, ಕಿತ್ತಳೆ ಎದೆ, ಹೊಳೆವ ನೀಲಿಯ ಗಿಡ್ಡ ಕವಚದ ಪೇಡೆರಸ್ ದುಂಬಿ ದೀಪಕ್ಕೆ ಬಂದೇ ಬರುತ್ತದೆ. ಅದು ಕಚ್ಚುವುದಿಲ್ಲ, ಮೈಮೇಲೆ ಉಜ್ಜಿದರೆ ಅದರ ರಸ ತಗುಲಿ ಒಂದೆರಡು ದಿನದಲ್ಲಿ ಸುಟ್ಟಂಥ ಬರೆ ಏಳುತ್ತದೆ. ಊದಿ ಹಾರಿಸಿ, ಉಜ್ಜಿಹೋದರೆ ತಕ್ಷಣ ಸೋಪಿನಿಂದ ತೊಳೆಯಿರಿ. ದರೋಜಿ ಕರಡಿಧಾಮದಂಥ ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದೆ ಇದಾವುದನ್ನೂ ಮಾಡಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಚಿಟ್ಟೆಗಳೂ ಇವೆ.

ಇನ್ನು ಟಿಪ್ಪಣಿ ಪುಸ್ತಕ. ದಿನಾಂಕ, ಹೊತ್ತು, ಊರು ಎಲ್ಲರೂ ಬರೆಯುತ್ತಾರೆ. ಯಾವ ಗಿಡ, ಗಿಡದ ಯಾವ ಭಾಗ, ಏನು ಮಾಡುತ್ತಿತ್ತು, ಹಿಂದಿನ ದಿನ ಮಳೆ ಆಗಿತ್ತೇ ಎಂಬುದನ್ನು ಬರೆಯುವವರು ಕಡಿಮೆ. ಸ್ಥಳೀಯ ಹೆಸರನ್ನು ಹೇಳಿದವರ ಬಾಯಿಯಲ್ಲಿ ಬಂದಂತೆಯೇ, ಊರಿನ ಹೆಸರಿನೊಂದಿಗೆ ಬರೆದಿಡಿ. ನಾನು ಈ ಹವ್ಯಾಸದ ಮೊದಲ ವರ್ಷ ‘ಕಪ್ಪು ಕಿತ್ತಳೆ ಪಟ್ಟೆಯ ದುಂಬಿ, ತೊಗರಿ ಹೂವು ತಿನ್ನುತ್ತಿದೆ, ಮುಟ್ಟಿದ ಮೇಲೆ ಬೆರಳ ಸಂದಿಯಲ್ಲಿ ಬೊಬ್ಬೆ’ ಎಂದು ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ. ಚಿತ್ರ ಮಸುಕಾಗಿತ್ತು. ಮೂರು ವರ್ಷದ ಮೇಲೆ ಗುಂಪಿಗೆ ಹೊಸದಾಗಿ ಬಂದ ವಿದ್ಯಾರ್ಥಿನಿಯೊಬ್ಬಳು ಚಿತ್ರವನ್ನು ನೋಡದೆ ಬರೀ ಆ ಸಾಲನ್ನು ಓದಿ ಬೊಬ್ಬೆದುಂಬಿಯ ಕುಟುಂಬ ಎಂದಳು. ‘ಹೆಂಗ ಗೊತ್ತಾತವ್ವಾ?’ ಎಂದು ಕೇಳಿದೆ. ಹೂವು ಮತ್ತು ಬೊಬ್ಬೆ ಎರಡನ್ನೂ ಬೆರಳಿಟ್ಟು ತೋರಿಸಿದಳು. ಪ್ರಭೇದದ ಜಾಗ ಇನ್ನೂ ಖಾಲಿಯೇ ಇದೆ.